ಲಾಹಬ್‌ನಲ್ಲಿ ಎಲ್‌ಸ್ಯಾಟ್ ತಯಾರಿ: ವರ್ಷದ ಬಳಕೆಯ ನಂತರ

ಡಿಗ್ರಿ ಮುಗಿಸಿ ಅಮೆರಿಕದ ಲಾ ಸ್ಕೂಲ್‌ಗೆ ಎಲ್‌ಸ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯುವವರಿಗೆ ಲಾಹಬ್ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಪರೀಕ್ಷೆ ನಡೆಸುವ ಎಲ್‌ಎಸ್‌ಎಸಿ ಸಂಸ್ಥೆಯದೇ ಅಭ್ಯಾಸದ ತಾಣ ಇದು. ಪ್ರಶ್ನೆಗಳು ಹಿಂದೆ ನಿಜಕ್ಕೂ ಕೇಳಿದಂಥವು, ಪರದೆಯೂ ಪರೀಕ್ಷೆಯ ದಿನ ಕಾಣುವಂಥದ್ದೇ. ಉಚಿತ ಖಾತೆಯಲ್ಲಿ ಕೆಲವೇ ಪ್ರಶ್ನೆಪತ್ರಿಕೆಗಳು, ಉಳಿದವಕ್ಕೆ ವಾರ್ಷಿಕ ಚಂದಾ. ಮೊದಲು ಉಚಿತವಾದ ಒಂದನ್ನು ಟೈಮರ್ ಹಾಕಿ ಬರೆಯಿರಿ. ನಿಮ್ಮ ಅಂಕ 120–180ರ ನಡುವೆ ಎಲ್ಲಿದೆಯೆಂದು ತಿಳಿದ ಮೇಲೆ ಹಣ ಕಟ್ಟಿದರಾಯಿತು.

2024ರ ಆಗಸ್ಟ್‌ನಿಂದ ಲಾಜಿಕ್ ಗೇಮ್ಸ್ ಎಂಬ ಒಗಟಿನಂಥ ಭಾಗ ಪರೀಕ್ಷೆಯಲ್ಲಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳುವ ಮುನ್ನ ಅದೇ ತುಂಬಿದೆಯೇ ಎಂದು ಪುಟ ತಿರುಗಿಸಿ ನೋಡಿ. ಈಗಿರುವುದು 35 ನಿಮಿಷದ ನಾಲ್ಕು ಭಾಗ: ಲಾಜಿಕಲ್ ರೀಸನಿಂಗ್ (ಚಿಕ್ಕ ವಾದಗಳನ್ನು ಒರೆಗೆ ಹಚ್ಚುವುದು) ಎರಡು, ರೀಡಿಂಗ್ ಕಾಂಪ್ರಹೆನ್ಷನ್ ಒಂದು, ಅಂಕಕ್ಕೆ ಸೇರದ ಇನ್ನೊಂದು. ಸೇರದ್ದು ಯಾವುದೆಂದು ಬರೆಯುವಾಗ ಗೊತ್ತಾಗುವುದಿಲ್ಲ, ಊಹಿಸುತ್ತಾ ಕೂರಬೇಡಿ. ರೀಸನಿಂಗ್‌ನ ಒಂದು ಪ್ರಶ್ನೆಗೆ ಸಿಗುವುದು ಸುಮಾರು 84 ಸೆಕೆಂಡ್. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಏನನ್ನೂ ಖಾಲಿ ಬಿಡಬಾರದು.

ಲಾಹಬ್‌ನ ದೊಡ್ಡ ಕೊರತೆ ವಿವರಣೆಯದು. ಸರಿಯುತ್ತರ ಯಾವುದೆಂದು ಹೇಳುತ್ತದೆ, ಏಕೆಂದು ಬಹುತೇಕ ಹೇಳುವುದಿಲ್ಲ. ಆ ಕೆಲಸ ನಾವೇ ಮಾಡಬೇಕು, ಅಂಕ ಏರುವುದೂ ಅಲ್ಲೇ. ಬರೆಯುವಾಗ ಅನುಮಾನ ಬಂದ ಪ್ರಶ್ನೆಗಳಿಗೆಲ್ಲ ಫ್ಲ್ಯಾಗ್ ಹಾಕಿ ಅವುಗಳ ಸಂಖ್ಯೆ ಗುರುತಿಟ್ಟುಕೊಳ್ಳಿ. ಮುಗಿದ ಮೇಲೆ ಉತ್ತರ ನೋಡುವ ಮೊದಲೇ ಅವನ್ನು ಟೈಮರ್ ಇಲ್ಲದೆ ಮತ್ತೆ ಬಿಡಿಸಿ. ಟೈಮರ್ ಇದ್ದಾಗ ತಪ್ಪಿ ಈಗ ಸರಿಯಾದರೆ ತೊಂದರೆ ವೇಗದ್ದು. ಎರಡು ಸಲವೂ ತಪ್ಪಿದರೆ ತರ್ಕದ್ದು.

ತರ್ಕದ ತೊಂದರೆಗೆ ಒಂದು ಉದಾಹರಣೆ. 'ಗ್ರಂಥಾಲಯ ರಾತ್ರಿ ಹತ್ತರವರೆಗೆ ತೆರೆದ ಮೇಲೆ ಓದುಗರು ಹೆಚ್ಚಿದರು. ಆದ್ದರಿಂದ ಹೆಚ್ಚುವರಿ ಸಮಯವೇ ಕಾರಣ.' ಈ ವಾದಕ್ಕೆ ಅಗತ್ಯವಾದ ಊಹೆ ಯಾವುದು? 'ಎಲ್ಲ ಓದುಗರೂ ರಾತ್ರಿಯೇ ಬರುತ್ತಾರೆ' ಎಂಬ ಆಯ್ಕೆ ಕಣ್ಣಿಗೆ ಹೊಡೆಯುತ್ತದೆ. ಅದನ್ನು ಅಲ್ಲಗಳೆದು ನೋಡಿ: ಕೆಲವರು ಬೆಳಿಗ್ಗೆ ಬಂದರೂ ವಾದ ಬೀಳುವುದಿಲ್ಲ, ಹಾಗಾಗಿ ಅದು ಅಗತ್ಯವಲ್ಲ. 'ಈ ಏರಿಕೆ ಪೂರ್ತಿ ಪಕ್ಕದ ಗ್ರಂಥಾಲಯ ಮುಚ್ಚಿದ್ದರಿಂದ ಆದದ್ದಲ್ಲ' ಎಂಬುದನ್ನು ಅಲ್ಲಗಳೆದರೆ ವಾದವೇ ಕುಸಿಯುತ್ತದೆ. ಉತ್ತರ ಅದೇ. 'ಎಲ್ಲ', 'ಯಾವಾಗಲೂ' ಎಂಬ ಮಾತು ಕಂಡಲ್ಲಿ ಹೀಗೆ ತಿರುಗಿಸಿ ನೋಡುವ ಅಭ್ಯಾಸವಾಗಬೇಕು.

ರೀಡಿಂಗ್‌ಗೆ ಹೈಲೈಟರ್ ಇದೆ, ನಿಜ. ಪ್ಯಾಸೇಜಿಗೆ ಸರಾಸರಿ ಎಂಟೂಮುಕ್ಕಾಲು ನಿಮಿಷವಷ್ಟೇ ಇರುವಾಗ ಅರ್ಧ ಪ್ಯಾಸೇಜಿಗೆ ಬಣ್ಣ ಬಳಿದರೆ ಮತ್ತೆ ಹುಡುಕುವುದಕ್ಕೇ ಹೊತ್ತು ಹೋಗುತ್ತದೆ. ಲೇಖಕರ ನಿಲುವು ತಿರುಗುವ ಜಾಗಕ್ಕೆ ಮಾತ್ರ ಹಾಕಿ.

ವಾರಕ್ಕೊಂದೇ ಪೂರ್ತಿ ಪತ್ರಿಕೆ ಸಾಕು, ವಿಮರ್ಶೆಗೆ ಅದರ ಎರಡರಷ್ಟು ಸಮಯ ಇಡಿ. ಪತ್ರಿಕೆಗಳು ಮುಗಿದುಹೋದರೆ ಅದೇ ಗುಣಮಟ್ಟದವು ಬೇರೆಲ್ಲೂ ಸಿಗುವುದಿಲ್ಲ. ಚಂದಾ ಕಟ್ಟಿದ ದಿನವೇ ಇತ್ತೀಚಿನ ಐದನ್ನು ಎತ್ತಿಟ್ಟುಬಿಡಿ, ಕೊನೆಯ ತಿಂಗಳವರೆಗೆ ತೆರೆಯಬೇಡಿ.