ಪೋಕೆಮಾನ್ ಗೋ ಎಆರ್: ನಡೆಯುವಾಗ ಆಫ್, ನಿಂತಾಗ ಆನ್

ಪೋಕೆಮಾನ್ ಗೋ ಅಂದ್ರೆ ಫೋನ್ ಹಿಡಿದು ಊರಲ್ಲಿ ನಡೆಯುತ್ತಾ ಪೋಕೆಮಾನ್ ಅನ್ನುವ ಕಾಲ್ಪನಿಕ ಪ್ರಾಣಿಗಳನ್ನು ಹಿಡಿಯುವ ಆಟ. ಅದು ಭಾರತಕ್ಕೆ ಅಧಿಕೃತವಾಗಿ ಬಂದಿದ್ದು 2016ರ ಡಿಸೆಂಬರ್‌ನಲ್ಲಿ. ಆಗಿನಿಂದ ಮೈಸೂರಿನಲ್ಲೇ ಆಡುತ್ತಿದ್ದೇನೆ, ಕೊರೊನಾ ಕಾಲದಲ್ಲಿ ಕೆಲವು ತಿಂಗಳು ಬಿಟ್ಟಿದ್ದೆ ಅಷ್ಟೆ. ಇಲ್ಲಿ ನಾನು ಬರೆಯುತ್ತಿರುವುದು ಎಆರ್ (ಆಗ್ಮೆಂಟೆಡ್ ರಿಯಾಲಿಟಿ) ಬಗ್ಗೆ ಮಾತ್ರ. ಅಂದ್ರೆ ಕ್ಯಾಮೆರಾ ತೆರೆದ ಕೂಡಲೇ ಪೋಕೆಮಾನ್ ನಮ್ಮ ಎದುರೇ ನಿಂತ ಹಾಗೆ ಕಾಣುತ್ತಲ್ಲ, ಅದು.

ಮೊದಲ ವಾರವೇ ನಾನು ಅದನ್ನು ಆಫ್ ಮಾಡಿದ್ದೆ. ಆಗ ಅದು ಕ್ಯಾಮೆರಾ ಚಿತ್ರದ ಮೇಲೆ ತೇಲುವ ಗೊಂಬೆ, ಹತ್ತಿರ ಹೋದರೂ ದೊಡ್ಡದಾಗುತ್ತಿರಲಿಲ್ಲ. 2017ರ ಕೊನೆಗೆ ಐಫೋನ್‌ಗೆ, 2018ರಲ್ಲಿ ಆಂಡ್ರಾಯ್ಡ್‌ಗೆ ಎಆರ್ ಪ್ಲಸ್ ಬಂತು. ಆಮೇಲೆ ಗೊಂಬೆ ನೆಲಕ್ಕೆ ಇಳಿಯಿತು. ಸುತ್ತ ನಡೆದರೆ ಬೆನ್ನು ಕಾಣುತ್ತದೆ, ಮೆಲ್ಲಗೆ ಹತ್ತಿರ ಹೋಗಬೇಕು, ದಡಬಡ ಹೋದರೆ ಓಡಿಹೋಗುತ್ತದೆ.

ಇದು ಹೇಗೆ ನಡೆಯುತ್ತೆ ಅಂತ ನನಗೆ ಅರ್ಥವಾಗಿದ್ದು ನಮ್ಮ ಮನೆಯ ನಡುಮನೆಯಲ್ಲಿ. ಹಳೇ ಮನೆ, ರೆಡ್ ಆಕ್ಸೈಡ್ ನೆಲ, ಕನ್ನಡಿಯ ಹಾಗೆ ಹೊಳೆಯುತ್ತದೆ. ಎಷ್ಟು ಹೊತ್ತು ಫೋನ್ ಆಡಿಸಿದರೂ ಆಟಕ್ಕೆ ನೆಲವೇ ಸಿಗಲಿಲ್ಲ. ಅಮ್ಮ ಊಟಕ್ಕೆ ಅಂತ ಚಾಪೆ ಹಾಸಿದರು, ಹಾಸಿದ ಮರುಕ್ಷಣ ನನ್ನ ಪೋಕೆಮಾನ್ ಈವಿ ಅದರ ಮೇಲೆ ಬಂದು ಕೂತಿತು! ಕ್ಯಾಮೆರಾಕ್ಕೆ ಹಿಡಿದುಕೊಳ್ಳಲು ಗೆರೆ, ಮೂಲೆ, ಚುಕ್ಕಿ ಬೇಕು. ಆ ಚುಕ್ಕಿಗಳು ಎಷ್ಟು ಸರಿದವು ಅನ್ನುವುದನ್ನೂ ಫೋನ್ ಒಳಗಿನ ಸೆನ್ಸರ್ ಹೇಳುವ ಚಲನೆಯನ್ನೂ ಜೋಡಿಸಿ ಅದು ನೆಲ ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ನುಣ್ಣನೆಯ ನೆಲದಲ್ಲಿ ಚುಕ್ಕಿಯೇ ಇಲ್ಲ. ಬೆಳಿಗ್ಗೆ ಬಾಗಿಲ ಮುಂದಿನ ರಂಗೋಲಿ ಪಕ್ಕ ಹಿಡಿದು ನೋಡಿ, ಎಷ್ಟು ಗಟ್ಟಿಯಾಗಿ ನಿಲ್ಲುತ್ತೆ ಅಂತ. ಜಿಪಿಎಸ್ ಒಂದರಿಂದ ಈ ಕೆಲಸ ಆಗಲ್ಲ, ಅದರಲ್ಲಿ ಕೆಲವು ಮೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಯಾವ ಸ್ಟಾಪ್ (ಆಟದ ಮ್ಯಾಪ್‌ನಲ್ಲಿ ಗುರುತು ಮಾಡಿದ ಊರಿನ ಜಾಗ) ಹತ್ತಿರ ಇದ್ದೀರಿ ಅನ್ನುವುದು ಅದರ ಲೆಕ್ಕ, ಯಾವ ಕಲ್ಲಿನ ಮೇಲೆ ನಿಲ್ಲಬೇಕು ಅನ್ನುವುದು ಕ್ಯಾಮೆರಾದ್ದು.

ನಡೆಯುತ್ತಾ ಎಆರ್ ಬೇಡವೇ ಬೇಡ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಮ್ಮೆ ಫೋನ್ ಎತ್ತಿ ಹಿಡಿದು ಹಿಂದೆ ಹಿಂದೆ ಹೋಗುತ್ತಾ ವಾಕಿಂಗ್ ಬಂದಿದ್ದ ಹಿರಿಯರೊಬ್ಬರಿಗೆ ಢಿಕ್ಕಿ ಹೊಡೆದೆ. ಅವರಿಗೆ ಏನೂ ಆಗಲಿಲ್ಲ, ಆದರೆ ನನಗೆ ಅವತ್ತು ಪೂರ್ತಿ ಮನಸ್ಸು ಸರಿ ಇರಲಿಲ್ಲ. ಈಗ ನಡೆಯುವಾಗ ಮ್ಯಾಪ್ ಮಾತ್ರ. ಬೆಂಚ್ ಸಿಕ್ಕರೆ ಕೂತು ಎಆರ್ ತೆರೆಯುತ್ತೇನೆ. ನನ್ನ ಹಳೇ ಫೋನ್ ಎಆರ್‌ನಲ್ಲಿ ಕಾದು ಬಿಸಿಯಾಗುತ್ತಿತ್ತು, ಬ್ಯಾಟರಿ ನೋಡನೋಡುತ್ತಾ ಇಳಿಯುತ್ತಿತ್ತು. ಹೊಸದರಲ್ಲಿ ಪರವಾಗಿಲ್ಲ. ಕತ್ತಲಲ್ಲಂತೂ ಯಾವ ಫೋನಿಗೂ ಕಷ್ಟ.

ಜಾಸ್ತಿ ಖುಷಿ ಕೊಟ್ಟಿದ್ದು ಬಡಿ ಅಡ್ವೆಂಚರ್, ಬಡಿ ಅಂದ್ರೆ ಜೊತೆಗಾರ. 2019ರ ಡಿಸೆಂಬರ್‌ನಲ್ಲಿ ಬಂತು. ನಿಮ್ಮ ಜೊತೆಗಾರ ಪೋಕೆಮಾನ್‌ಗೆ ಹಣ್ಣು ಹಾಕಿ, ತಲೆ ಸವರಿ, ಫೋಟೊ ತೆಗೆದು, ಜೊತೆಗೆ ನಡೆದು 300 ಹೃದಯ ಸೇರಿಸಿದರೆ ಅದು ಬೆಸ್ಟ್ ಬಡಿ. ಈವಿಗೆ ಅಷ್ಟು ಸೇರಿಸಲು ನನಗೆ ತಿಂಗಳುಗಳೇ ಹಿಡಿದವು, ಒಂದು ದಿನವೂ ಬೇಜಾರಾಗಲಿಲ್ಲ. ತಲೆ ಸವರಿದಾಗ ಅದು ಕಣ್ಣು ಮುಚ್ಚುತ್ತೆ ನೋಡಿ, ಅಷ್ಟು ಚಿಕ್ಕ ವಿಷಯ, ಆದರೂ ಮನಸ್ಸು ಹಗುರಾಗುತ್ತದೆ.

ಸ್ಟಾಪ್ ಸ್ಕ್ಯಾನ್ ಮಾಡುವ ಕೆಲಸವೂ ಇದೆ. ಜಾಗದ ಸುತ್ತ ನಡೆದು ವಿಡಿಯೊ ಮಾಡಿ ಕಳಿಸಿದರೆ ಅದರಿಂದ ಮೂರು ಆಯಾಮದ ನಕ್ಷೆ ಕಟ್ಟುತ್ತಾರೆ. ಕಡ್ಡಾಯ ಏನಿಲ್ಲ. ದೇವರಾಜ ಮಾರ್ಕೆಟ್ ಹತ್ತಿರ ನಾನು ಇದನ್ನು ಮಾಡುವುದಿಲ್ಲ. ಹೂವು ಕಟ್ಟುತ್ತಾ ಕೂತವರ ಮುಖಗಳು ಅವರನ್ನು ಕೇಳದೆ ನನ್ನ ವಿಡಿಯೊದಲ್ಲಿ ಬರುವುದು ಸರಿಯಲ್ಲ. 2025ರಲ್ಲಿ ಆಟ ಅದನ್ನು ಕಟ್ಟಿದ ನಿಯಾಂಟಿಕ್ ಕಂಪನಿಯಿಂದ ಸ್ಕೋಪ್ಲಿ ಅನ್ನುವ ಕಂಪನಿಗೆ ಹೋಯಿತು, ನಕ್ಷೆಯ ಕೆಲಸ ನಿಯಾಂಟಿಕ್ ಸ್ಪೇಷಿಯಲ್ ಅನ್ನುವ ಬೇರೆ ಕಂಪನಿಯಾಯಿತು. ಸ್ಕ್ಯಾನ್ ಮಾಡುವವರು ಇದನ್ನು ತಿಳಿದೇ ಮಾಡಿ.

ಹೊಸದಾಗಿ ಇಂಥ ಆಟ ಕಟ್ಟುವವರಿಗೆ, ಇದ್ದ ಆಟಕ್ಕೆ ಎಆರ್ ಸೇರಿಸುವವರಿಗೆ ಒಂದು ಮಾತು ಹೇಳಲೇಬೇಕು. ಹೋದ ದಸರಾ ರಜೆಯಲ್ಲಿ ಅಕ್ಕನ ಮಗಳನ್ನು ದೊಡ್ಡ ಗಡಿಯಾರದ ಹತ್ತಿರ ಕರೆದುಕೊಂಡು ಹೋಗಿದ್ದೆ. ಈವಿಯೂ ಗೋಪುರವೂ ಒಂದೇ ಫೋಟೊದಲ್ಲಿ ಬರಬೇಕು ಅಂತ ಅವಳು ನೆಲಕ್ಕೆ ಕೂತು ಫೋನ್ ಓರೆ ಮಾಡಿದಳು, ಮೇಲೆ ನೋಡಿದಳು, "ಮಾಮ, ಅಂಕಿ ಎಲ್ಲಾ ಕನ್ನಡದಲ್ಲಿದೆ!" ಅಂದಳು. 1927ರಿಂದ ಅಲ್ಲೇ ನಿಂತಿರುವ ಗಡಿಯಾರ, ಆ ದಾರಿಯಲ್ಲಿ ಅವಳು ಎಷ್ಟೋ ಸಲ ಹೋಗಿದ್ದಾಳೆ. ಒಂದೊಂದಾಗಿ ಓದಿದಳು, ೭ರ ಹತ್ತಿರ ತಡವರಿಸಿದಳು, ನಾನು ಹೇಳಿಕೊಟ್ಟೆ. ಈವಿಗೆ ಮಾತ್ರ ಆ ಗಡಿಯಾರ ಯಾವುದೋ ಒಂದು ಗೋಡೆ ಅಷ್ಟೆ. ಸ್ಟಾಪ್‌ಗೆ ಬಂದವರು ಕ್ಯಾಮೆರಾ ಎತ್ತಿದಾಗ ಆ ಅಂಕಿಗಳನ್ನು ಹುಡುಕಿ ಮುಟ್ಟುವ ಒಂದು ಚಿಕ್ಕ ಆಟ ಇದ್ದರೂ ಸಾಕು, ನಾನು ಅವಳನ್ನು ಕರೆದುಕೊಂಡು ಮರುದಿನವೇ ಹೋಗುತ್ತೇನೆ.