1,800 ರೂಪಾಯಿಯ ಕೇಬಲ್, 90 ರೂಪಾಯಿಯ ಫೆರೈಟ್ ಕ್ಲಿಪ್

ಸ್ಪೀಕರಿನ ‘ಝಿಂಯ್’ ಸದ್ದು ಓಡಿಸೋಕೆ ದುಬಾರಿ ಕೇಬಲ್ಲೋ, ಫೆರೈಟ್ ಕ್ಲಿಪ್ಪೋ (ಕೇಬಲ್ ಮೇಲೆ ಕಚ್ಚಿಸುವ, ಎರಡು ಹೋಳಿನ ಕಪ್ಪು ಕಾಂತೀಯ ತುಂಡು)? ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಕ್ಲಿಪ್ಪಿಗೆ. ದಪ್ಪ ಶೀಲ್ಡೆಡ್ ಕೇಬಲ್ಲಿಗೆ (ಒಳತಂತಿಗೆ ಲೋಹದ ಹೊದಿಕೆ ಇರುವಂಥದ್ದು) 1,800 ಸುರಿದ ಮೇಲೆ ಬಂದ ಬುದ್ಧಿ ಇದು.

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಅಪ್ಪನ ಕ್ಯಾಸೆಟ್ ಡೆಕ್ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಮನೆ ಬಿಟ್ಟು ಬರುವಾಗ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಸಂಜೆ ಶ್ರೀಕೃಷ್ಣ ಪಾರಿಜಾತ ಆಟದ ಕ್ಯಾಸೆಟ್ ಹಾಕಿದರೆ ಮಾತಿನ ಹಿಂದೆಲ್ಲ ‘ಝಿಂಯ್’. ‘ಇದೇನ್ ತಮ್ಮಾ, ಕೊರವಂಜಿ ಬಾಯಾಗ ಜೀರುಂಡಿ ಹೊಕ್ಕೇತಿ?’ ಅಂದಳು ಅವ್ವ.

ಹೊಸ ಎಲ್‌ಇಡಿ ಬಲ್ಬ್ ಆರಿಸಿದರೆ ಸದ್ದು ಮಾಯ. ಬಲ್ಬ್ ಉರಿಯುತ್ತಿದ್ದರೂ ಡೆಕ್ಕಿನಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲ್ ಕಿತ್ತರೆ ಮಾಯ. ಬಲ್ಬಿನ ಅಗ್ಗದ ಡ್ರೈವರ್ (ಕರೆಂಟು ಹದಮಾಡುವ ಒಳಗಿನ ಸರ್ಕ್ಯೂಟು) ಉಗುಳುವ ರೇಡಿಯೋ ತರಂಗಕ್ಕೆ ಕೇಬಲ್ಲೇ ಆಂಟೆನಾ ಆಗಿತ್ತು.

ದಪ್ಪ ಕೇಬಲ್ ಹಾಕಿದೆ, ಜೀರುಂಡಿ ಅಲ್ಲೇ. ಶೀಲ್ಡು ಒಳಗಿನ ತಂತಿಯನ್ನು ಕಾಯುತ್ತೆ, ನಿಜ. ಆದರೆ ಶೀಲ್ಡಿನ ಹೊರಮೈ ಹಿಡಿದು ಬಂದ ಕರೆಂಟು ಆಂಪ್ಲಿಫೈಯರಿನ ಗ್ರೌಂಡಿಗೇ ಇಳಿಯುತ್ತೆ, ಅಲ್ಲಿನ ಟ್ರಾನ್ಸಿಸ್ಟರು ಅದನ್ನು ಕಿವಿಗೆ ಕೇಳುವ ಸದ್ದು ಮಾಡುತ್ತೆ. ಫೆರೈಟ್ ಹಿಡಿಯೋದು ಆ ಹೊರಮೈ ಕರೆಂಟನ್ನು. ಹಾಡಿಗೆ ಅಡ್ಡಿಯಿಲ್ಲ.

ಗೋಳು ಶುರುವಾದದ್ದು ಇಲ್ಲೇ. ಮೊದಲು ತರಿಸಿದ್ದು 7 ಮಿ.ಮೀ. ತೂತಿನ ಕ್ಲಿಪ್, ನನ್ನ ಕೇಬಲ್ ದಪ್ಪ 8. ಮುಚ್ಚಲೊಲ್ಲದು. ಇಕ್ಕಳದಿಂದ ಒತ್ತಿದೆ, ‘ಟಪ್’ ಅಂತ ಒಳಗಿನ ಕಪ್ಪು ಫೆರೈಟ್ ಹೋಳು ಬಿಸ್ಕತ್ತಿನಂತೆ ಸೀಳಿತು. ಇನ್ನೊಂದನ್ನು ಅರೆ ತೆರೆದಂತೆಯೇ ದಾರದಿಂದ ಕಟ್ಟಿದೆ. ಎರಡು ಹೋಳು ಕೂಡದಿದ್ದರೆ ನಡುವಿನ ಗಾಳಿಯೇ ಅದರ ಶಕ್ತಿ ತಿನ್ನುತ್ತೆ, ಫಲ ಸೊನ್ನೆ. ಆಮೇಲೆ 13 ಮಿ.ಮೀ.ದು ತರಿಸಿದೆ. ಮುಚ್ಚಿತು, ಆದರೆ ಆ ದಪ್ಪ ಕೇಬಲ್ಲಿನ ಎರಡನೇ ಸುತ್ತು ಅದರೊಳಗೆ ಹಿಡಿಸಲಿಲ್ಲ. 3 ಸುತ್ತು ಹಾಕಿದರೆ ತಡೆ ಹೆಚ್ಚುಕಡಿಮೆ 9 ಪಟ್ಟು, ಒಂದೇ ಸುತ್ತಿಗೆ ಏನಾದೀತು? ಸಿಟ್ಟಿನಲ್ಲಿ ಹಳೇ ತೆಳು ಕೇಬಲ್ಲನ್ನೇ ಅಟ್ಟದಿಂದ ಇಳಿಸಿ, 3 ಸುತ್ತು ಸುತ್ತಿ, ಆಂಪ್ಲಿಫೈಯರಿನ ಪಿನ್ನಿಗೆ ಆತುಕೊಂಡಂತೆ ಕ್ಲಿಪ್ ಒತ್ತಿದೆ. ಜೀರುಂಡಿ ಹೋಯಿತು.

ಅಲ್ಯುಮಿನಿಯಂ ಫಾಯಿಲ್ಲೂ ಸುತ್ತಿ ನೋಡಿದ್ದೆ. ರೊಟ್ಟಿಗೇ ಸರಿ.

ಅವ್ವನ 2ಜಿ ಕೀಪ್ಯಾಡ್ ಫೋನಿಗೆ ಮಾತ್ರ ಕ್ಲಿಪ್ ಪೂರ್ತಿ ಬಗ್ಗಲಿಲ್ಲ. ರಿಂಗ್ ಆಗುವ ಮುಂಚೆಯೇ ಸ್ಪೀಕರ್ ‘ಟಿಡಿಕ್ ಟಿಡಿಕ್’ ಅನ್ನುತ್ತೆ. ಫೋನನ್ನು ದೇವರ ಗೂಡಿನ ಕಡೆ ಸರಿಸಿದೆ, ಖರ್ಚಿಲ್ಲ.

ಹೊಸ ಸಿಸ್ಟಮ್ ಕಟ್ಟುವವರು ಬೇಕಾದ್ದು ಕೊಳ್ಳಲಿ. ನಾನು ಕೇಳೋದು ದಿನಕ್ಕೆ ಒಂದು ಕ್ಯಾಸೆಟ್, ನನಗೆ 90 ರೂಪಾಯಿ ಸಾಕು. ದಪ್ಪ ಕೇಬಲ್ಲು ವಾಪಸ್ ಆಗಲಿಲ್ಲ; ಟಿವಿ ಹಿಂದೆ ಹಾವಿನಂತೆ ಬಿದ್ದಿದೆ.