ರಾಯಚೂರು ಕಡೆಯ ಫ್ಲೈ ಆಶ್ ಇಟ್ಟಿಗೆ: ಗೋಡೆಗೆ ಸೈ, ಆದರೆ ಬೂದಿ ಲೋಡ್ ಬೇಡ

ಮನೆ ಕಟ್ಟಲು ಫ್ಲೈ ಆಶ್ ಇಟ್ಟಿಗೆ, ಅಂದರೆ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟ ಬೂದಿಯಿಂದ ಮಾಡಿದ ಇಟ್ಟಿಗೆ, ತರಿಸಿದ್ದೆ. ಮೊದಲೇ ಹೇಳಿಬಿಡುತ್ತೇನೆ, ಇಟ್ಟಿಗೆ ಚೆನ್ನಾಗಿದೆ. ಅಂಚು ಮುರಿದಿಲ್ಲ, ಅಳತೆ ಎಲ್ಲಾ ಒಂದೇ ಸಮ, ಹಾಗಾಗಿ ಗಾರೆ ಕಮ್ಮಿ ಹಿಡಿಯಿತು, ಮೇಸ್ತ್ರಿಯೂ ಗೊಣಗಲಿಲ್ಲ. ಎರಡು ಇಟ್ಟಿಗೆ ಒಂದಕ್ಕೊಂದು ತಟ್ಟಿದರೆ ಠಣ್ ಅನ್ನುತ್ತವೆ. ಒಂದನ್ನು ಒಡೆದು ನೋಡಿದೆ. ಒಳಗೆಲ್ಲ ಬೂದು ಬಣ್ಣ, ನಡುವೆ ಕ್ರಷರ್ ಪುಡಿಯ ಹರಳು, ಅಲ್ಲಲ್ಲಿ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ. ಪೂರ್ತಿ ಸುಡದೆ ಉಳಿದ ಕಲ್ಲಿದ್ದಲು ಅದು. ಜಾಸ್ತಿ ಇದ್ದರೆ ಇಟ್ಟಿಗೆಗೆ ಬಲ ಬರುವುದಿಲ್ಲ, ಇದರಲ್ಲಿ ಕಮ್ಮಿಯೇ ಇತ್ತು. 3 ಕೆಜಿ ತೂಗುವ ಒಣ ಇಟ್ಟಿಗೆಯನ್ನು 24 ಗಂಟೆ ಬಕೆಟ್ ನೀರಲ್ಲಿ ಮುಳುಗಿಸಿ ತೂಗಿದಾಗ 3 ಕೆಜಿ 450 ಗ್ರಾಂ ಬಂತು. ಅಂದರೆ ಶೇ 15 ನೀರು ಕುಡಿದಿದೆ. ಇಂಥ ಇಟ್ಟಿಗೆಗಿರುವ ಭಾರತೀಯ ಮಾನದಂಡ ಐಎಸ್ 12894ರಲ್ಲಿ ಸಾಮಾನ್ಯ ದರ್ಜೆಗೆ ಶೇ 20ರವರೆಗೂ ಬಿಟ್ಟಿದ್ದಾರೆ.

ಆದರೆ ನಾನು ಇಟ್ಟಿಗೆ ಮಾಡುವ ಯೂನಿಟ್‌ನವರನ್ನು ಮೊದಲು ಕೇಳಿದ್ದು ಬಲದ ಬಗ್ಗೆ ಅಲ್ಲ, ಈ ಬೂದಿ ಯಾವ ಕಲ್ಲಿದ್ದಲಿನದು ಅಂತ. ಬೂದಿಯಲ್ಲಿ ಆರ್ಸೆನಿಕ್, ಪಾದರಸ, ಸೀಸ, ಕ್ರೋಮಿಯಂನಂಥ ವಿಷ ಎಷ್ಟಿರುತ್ತದೆ ಅನ್ನುವುದು ಕಲ್ಲಿದ್ದಲು ಹುಟ್ಟಿದ ಜಾಗದ ಮೇಲೆ ನಿಂತಿದೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ ಅಂದರು. ಅಲ್ಲಿಗೆ ಬರುವ ಕಲ್ಲಿದ್ದಲಿನಲ್ಲಿ ತೆಲಂಗಾಣದ ಸಿಂಗರೇಣಿ ಗಣಿಗಳದೂ ಇದೆ, ಒಡಿಶಾದ ಮಹಾನದಿ ಕಡೆಯದೂ ಇದೆ. ಎರಡೂ ಗೋಂಡ್ವಾನಾ ಅನ್ನುವ ಹಳೆಯ ಶಿಲಾಪದರಗಳ ಕಲ್ಲಿದ್ದಲೇ. ಸುಮಾರು 25ರಿಂದ 30 ಕೋಟಿ ವರ್ಷ ಹಿಂದೆ ನದಿ ಬಯಲುಗಳಲ್ಲಿ ಗಿಡಗಳು ಕೊಳೆಯುವಾಗಲೇ ಹೊಳೆ ನೀರು ಜೇಡಿಮಣ್ಣು, ಮರಳು ತಂದು ತುಂಬಿತು. ಅದಕ್ಕೇ ನಮ್ಮ ಕಲ್ಲಿದ್ದಲಲ್ಲಿ ಬೂದಿ ಶೇ 35-45, ಅದಕ್ಕೇ ಅದನ್ನು ಕಳಪೆ ಅನ್ನುವುದು. ಆದರೆ ಅಲ್ಲಿ ಸಮುದ್ರದ ನೀರಿನ ಪ್ರಭಾವ ಕಮ್ಮಿ, ಗಂಧಕ ಸಾಮಾನ್ಯವಾಗಿ ಶೇ 1ಕ್ಕಿಂತ ಕೆಳಗೆ. ಗಂಧಕ ಕಮ್ಮಿ ಅಂದರೆ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಕಮ್ಮಿ, ಆರ್ಸೆನಿಕ್ ಮತ್ತು ಪಾದರಸ ಹೆಚ್ಚಾಗಿ ಅಡಗಿ ಕೂರುವುದು ಆ ಪೈರೈಟಿನಲ್ಲೇ. ಕ್ರೋಮಿಯಂ, ವನೇಡಿಯಂ ಬೇರೆ, ಅವು ಜೇಡಿಮಣ್ಣಿನ ಜೊತೆ ಬರುತ್ತವೆ.

ಅಸ್ಸಾಮಿನ ಮಾರ್ಗರಿಟಾ ಕಡೆಯ ಕಲ್ಲಿದ್ದಲು ನೋಡಿ. ಬೂದಿ ಕಮ್ಮಿ, ನೋಡಲು ಒಳ್ಳೆಯ ಮಾಲು. ಆದರೆ ಆ ಕಲ್ಲಿದ್ದಲು ಹುಟ್ಟಿದಾಗ ಸಮುದ್ರ ಹತ್ತಿರವಿತ್ತು, ಗಂಧಕ ಶೇ 2ರಿಂದ 7ರವರೆಗೆ ಹೋಗುತ್ತದೆ. ಚೀನಾದ ಗುಯಿಝೌ ಕಥೆ ಇನ್ನೂ ಕೆಟ್ಟದ್ದು. ನೆಲ ಬಿರಿದ ಕಡೆಯಿಂದ ಬಿಸಿನೀರು ಆರ್ಸೆನಿಕ್ ಹೊತ್ತು ಮೇಲೇರಿ ಬಂತು, ಅಲ್ಲಿ ಚಿನ್ನವನ್ನು ತಂದದ್ದೂ ಅಂಥ ನೀರೇ. ಕೆಲವು ಕಲ್ಲಿದ್ದಲು ಮಾದರಿಗಳಲ್ಲಿ ಆರ್ಸೆನಿಕ್ ಶೇ 3.5 ಸಿಕ್ಕಿತು. ಜನ ಗೊತ್ತಿಲ್ಲದೆ ಆ ಕಲ್ಲಿದ್ದಲು ಉರಿಸುವ ಒಲೆ ಮೇಲೆ ಮೆಣಸಿನಕಾಯಿ ಒಣಗಿಸಿಕೊಂಡು ತಿಂದರು, ಸಾವಿರಾರು ಮಂದಿಗೆ ಚರ್ಮ ಕೆಟ್ಟಿತು. ಕಲ್ಲಿದ್ದಲಿನ ಜಿ ಗ್ರೇಡ್ ಬರೀ ಶಾಖ ಹೇಳುತ್ತದೆ, ಇದನ್ನೆಲ್ಲ ಹೇಳುವುದಿಲ್ಲ ಅಲ್ವಾ? ಒಂದೇ ಗಣಿಯಲ್ಲೂ ಬಿರುಕಿನ ಪಕ್ಕದ ಪದರ ಬೇರೆ, ಮಧ್ಯದ ಪದರ ಬೇರೆ ಇರಬಹುದು.

ಇನ್ನೊಂದು ಲೆಕ್ಕ ಬಹಳ ಜನ ಮಾಡುವುದಿಲ್ಲ. 100 ಕೆಜಿ ಕಲ್ಲಿದ್ದಲು ಸುಟ್ಟು 40 ಕೆಜಿ ಬೂದಿ ಉಳಿದರೆ, ಸುಡದೆ ಉಳಿಯುವ ಲೋಹ ಬೂದಿಯಲ್ಲಿ ಎರಡೂವರೆ ಪಟ್ಟು ಗಟ್ಟಿಯಾಗುತ್ತದೆ. ಬರೀ 5 ಕೆಜಿ ಬೂದಿ ಕೊಡುವ ಕಲ್ಲಿದ್ದಲಾದರೆ 20 ಪಟ್ಟು. ಹಾಗಾಗಿ ಬೂದಿ ಜಾಸ್ತಿ ಇರುವ ನಮ್ಮ ಕಲ್ಲಿದ್ದಲಿನ ಒಂದು ಕೆಜಿ ಬೂದಿ ಸುಮ್ನೆ ಹೆದರಿಸುವಷ್ಟು ವಿಷವೇನಲ್ಲ, ತೊಂದರೆ ಇರುವುದು ಬೂದಿ ಬೆಟ್ಟದಷ್ಟು ಬೀಳುತ್ತದಲ್ಲ, ಅದರಲ್ಲಿ. ಪಾದರಸ ಬಹುಪಾಲು ಹೊಗೆಯಲ್ಲೇ ಹೋಗುತ್ತದೆ. ಆರ್ಸೆನಿಕ್, ಸೆಲೆನಿಯಂ ಆವಿಯಾಗಿ, ಹೊಗೆ ತಣ್ಣಗಾಗುವಾಗ ನುಣ್ಣನೆಯ ಬೂದಿ ಕಣಗಳ ಮೈಗೆ ಹತ್ತಿಕೊಳ್ಳುತ್ತವೆ. ಇಟ್ಟಿಗೆ, ಸಿಮೆಂಟಿಗೆ ಬೇಕಾಗುವುದೂ ಆ ನುಣ್ಣನೆಯ ಬೂದಿಯೇ.

ಇಟ್ಟಿಗೆಯೊಳಗೆ ಅದು ಸುಣ್ಣ, ಜಿಪ್ಸಂ ಜೊತೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಮೇಲೆ ಪ್ಲಾಸ್ಟರ್ ಬೇರೆ. ನನಗೆ ಅದರ ಚಿಂತೆ ಇಲ್ಲ. ವೈರಿಂಗಿಗೆ ಗೋಡೆ ಕೊರೆಯುವವರು ಮಾತ್ರ ಮುಖಕ್ಕೆ ಮಾಸ್ಕ್ ಹಾಕಲೇಬೇಕು, ಆ ಧೂಳು ಬಹಳ ನುಣ್ಣಗೆ.

ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಸೈಟ್ ಹಿಂದೆ ತಗ್ಗು ಇದೆ, ಬೋರ್‌ವೆಲ್ ಪಕ್ಕದಲ್ಲೇ. ಇಟ್ಟಿಗೆ ಜೊತೆ ಒಂದು ಲೋಡ್ ಕೊಳದ ಬೂದಿ (ಸ್ಥಾವರದವರು ನೀರಲ್ಲಿ ಕಲಸಿ ಕೊಳಕ್ಕೆ ಬಿಟ್ಟದ್ದು) ಫ್ರೀ, ತಗ್ಗು ತುಂಬಿಸಿಬಿಡೋಣ ಅಂತ ಲಾರಿಯೇ ತಂದು ನಿಲ್ಲಿಸಿದರು. ಬೇಡ ಅಂದೆ. ಬಿಡಿ ಬೂದಿ ಮೇಲೆ ಮಳೆಗಾಲವಿಡೀ ನೀರು ಇಳಿದರೆ ಅದರಲ್ಲಿರುವುದು ಕರಗಿ ಎಲ್ಲಿಗೆ ಹೋಗುತ್ತದೆ? ಕ್ಷಾರ ಜಾಸ್ತಿಯಾದಾಗ ಆರ್ಸೆನಿಕ್, ಸೆಲೆನಿಯಂ, ಕ್ರೋಮಿಯಂ ನೀರಿಗೆ ಇನ್ನೂ ಸುಲಭವಾಗಿ ಬರಬಹುದು. ನೀರಲ್ಲಿ ಏನೇನು ಬಿಡುತ್ತದೆ ಅನ್ನುವ ಟೆಸ್ಟ್ ರಿಪೋರ್ಟ್ ಇದೆಯಾ ಅಂತ ಕೇಳಿದರೆ ಬಲದ ರಿಪೋರ್ಟ್, ನೀರು ಹೀರುವ ರಿಪೋರ್ಟ್ ಮಾತ್ರ ತೋರಿಸಿದರು. ಎಲ್ಲರೂ ಹಾಕಿಸಿಕೊಳ್ತಾರೆ ಸಾರ್ ಅಂದ ಡ್ರೈವರ್. ಕುಡಿಯುವ ನೀರಿನ ಪಕ್ಕ ಹಾಗೆ ಹಾಕಲೇಬಾರದು.

ಇಟ್ಟಿಗೆಗೆ ಪೂರ್ತಿ ಐದು ಸ್ಟಾರ್, ಸರ್ವಿಸ್‌ಗೆ ಮೂರು. ಮೇಲಿನ ಮಹಡಿಗೂ ಅವರಿಗೇ ಆರ್ಡರ್ ಕೊಟ್ಟಿದ್ದೇನೆ. ಬಿಡಿ ಬೂದಿ ಬೇಡ ಅಂತ ಬಿಲ್ ಮೇಲೇ ಬರೆಸಿಕೊಂಡಿದ್ದೇನೆ, ಬೂದಿ ನೀರಲ್ಲಿ ಏನೇನು ಬಿಡುತ್ತದೆ ಅನ್ನುವ ಟೆಸ್ಟ್ ಮಾಡಿಸಿ ರಿಪೋರ್ಟ್ ಕೊಡಿ ಅಂತಲೂ ಕೇಳಿದ್ದೇನೆ. ನೀವು ತರಿಸುವಾಗಲೂ ಕೇಳಿ.